ಎಸ್‌ಟಿಎಲ್ ಕಳಿಸಿ 'ಸ್ಟೆಪ್ ಮಾಡಿ ಕೊಡಿ' ಅನ್ನುವವರಿಗೆ

"ಸರ್, ಎಸ್‌ಟಿಎಲ್ ಫೈಲ್ ಕಳಿಸಿದ್ದೀನಿ. ಸ್ಟೆಪ್ ಮಾಡಿ ಕೊಡಿ, ಸಂಜೆ ಮಷೀನಿಗೆ ಹಾಕಬೇಕು." ಪೀಣ್ಯದ ವರ್ಕ್‌ಶಾಪ್‌ಗಳಿಂದ ನನಗೆ ಇಂಥ ವಾಟ್ಸಾಪ್ ಮೆಸೇಜ್ ಬರುತ್ತಲೇ ಇರುತ್ತವೆ. ಎಸ್‌ಟಿಎಲ್ ಅಂದರೆ 3ಡಿ ಪ್ರಿಂಟರ್‌ಗೆ ಕೊಡುವ ಆಕಾರದ ಫೈಲ್. ಸ್ಟೆಪ್ ಅಂದರೆ ನಿಖರ ಅಳತೆ ಇರುವ ಕ್ಯಾಡ್ (ಕಂಪ್ಯೂಟರ್‌ನಲ್ಲಿ ಮಾಡಿದ ವಿನ್ಯಾಸ) ಫೈಲ್. ಒಂದು ಬಟನ್ ಒತ್ತಿದರೆ ಆಗುವ ಕೆಲಸ ಅನ್ನುವ ನಂಬಿಕೆ ಎಲ್ಲರಿಗೂ ಇದೆ. ಬಟನ್ ಇರುವುದು ನಿಜ. ಆದರೆ ಅದರಿಂದ ಹೊರಬರುವ ಫೈಲ್ ನಂಬಿ ಬಿಡಿಭಾಗ ಮಾಡಿದರೆ ಮೆಟೀರಿಯಲ್ಲೂ ಹೋಗುತ್ತದೆ, ಮಷೀನ್ ಟೈಮೂ ಹೋಗುತ್ತದೆ. ಯಂತ್ರದ ಭಾಗವಾದರೆ ಮೆಶ್ಶನ್ನು (ಎಸ್‌ಟಿಎಲ್‌ನಲ್ಲಿರುವ ತ್ರಿಕೋನಗಳ ಬಲೆಯನ್ನು) ಕೆಳಗೆ ಇಟ್ಟುಕೊಂಡು ಹೊಸದಾಗಿ ಮಾಡೆಲ್ ಮಾಡಬೇಕು, ಆ ಕೆಲಸಕ್ಕೆ ದುಡ್ಡೂ ಕೊಡಬೇಕು. ಇದು ನನ್ನ ಖಚಿತ ಅಭಿಪ್ರಾಯ.

ಎಸ್‌ಟಿಎಲ್ ಹುಟ್ಟಿದ್ದು 1987ರಲ್ಲಿ, 3ಡಿ ಸಿಸ್ಟಮ್ಸ್ ಕಂಪನಿಯ ಪ್ರಿಂಟರ್‌ಗಳಿಗಾಗಿ. ಅದರೊಳಗೆ ಇರುವುದು ಬರೀ ತ್ರಿಕೋನಗಳು. ಪ್ರಿಂಟರ್‌ಗೆ ಅಷ್ಟು ಸಾಕು. ಸ್ಟೆಪ್ ಫೈಲ್ ಹಾಗಲ್ಲ. ಅದರಲ್ಲಿ ಒಂದು ತೂತು ಇದ್ದರೆ, ಅದು ಸಿಲಿಂಡರ್ ಅಂತ, ಅದರ ಆಕ್ಸಿಸ್ ಎಲ್ಲಿ, ರೇಡಿಯಸ್ ಎಷ್ಟು ಅಂತ ಬರೆದಿರುತ್ತದೆ.

ಫ್ರೀಕ್ಯಾಡ್ ಅನ್ನುವ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಮೆಶ್‌ನಿಂದ ಶೇಪ್ ಮಾಡಿ, ಸಾಲಿಡ್‌ಗೆ (ಒಳಗೆ ತುಂಬಿದ ಘನ ಮಾಡೆಲ್‌ಗೆ) ಬದಲಿಸಿ, ರಿಫೈನ್ ಕೊಟ್ಟು ನೋಡಿ. ಒಂದೇ ಸಮತಲದಲ್ಲಿರುವ ತ್ರಿಕೋನಗಳು ಸೇರಿ ಒಂದು ಮುಖವಾಗುತ್ತವೆ. ಚಪ್ಪಟೆ ಜಾಗ ಚೆನ್ನಾಗಿಯೇ ಬರುತ್ತದೆ. ದುಂಡಗಿರುವುದು ಮಾತ್ರ ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದೆ. ಎರಡು ಲಕ್ಷ ತ್ರಿಕೋನಗಳ 3ಡಿ ಸ್ಕ್ಯಾನ್ ಆದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ, ಫೈಲ್ ಹಲವು ಪಟ್ಟು ದೊಡ್ಡದಾಗುತ್ತದೆ. ಪಹಣಿಯ ಫೋಟೋ ತೆಗೆದು ವರ್ಡ್ ಫೈಲಿಗೆ ಅಂಟಿಸಿ, "ಈಗ ಇದರಲ್ಲಿ ಹೆಸರು ತಿದ್ದಿ" ಅಂದರೆ ಆಗುತ್ತದಾ? ಇದೂ ಹಾಗೇ.

ಲೆಕ್ಕ ಹಾಕಿಯೇ ಹೇಳುತ್ತೇನೆ. 6204 ಬೇರಿಂಗ್ ಎಲ್ಲರಿಗೂ ಗೊತ್ತು. ಒಳಗೆ 20 ಮಿ.ಮೀ., ಹೊರಗೆ 47 ಮಿ.ಮೀ. ಅದು ಕೂರುವ ಹೌಸಿಂಗ್‌ನ ಬೋರ್ (ದುಂಡು ತೂತು) ಎಸ್‌ಟಿಎಲ್‌ನಲ್ಲಿ 36 ಪಟ್ಟಿಗಳಾಗಿ ಬಂದಿದೆ ಅಂತ ಇಟ್ಟುಕೊಳ್ಳಿ. ಮೂಲೆಗಳು ಸರಿಯಾಗಿ 47ರ ವೃತ್ತದ ಮೇಲೇ ಇರುತ್ತವೆ. ಆದರೆ ಪಟ್ಟಿಗಳ ನಡುಭಾಗ ಒಳಕ್ಕೆ ಬಂದಿರುತ್ತದೆ. ಎದುರುಬದುರು ಪಟ್ಟಿಗಳ ನಡುವೆ ಅಳೆದರೆ 46.82 ಮಿ.ಮೀ. ಮಾತ್ರ. ಎಚ್7 (ತೂತಿನ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ದರ್ಜೆ) ಅಂದರೆ ಆ ಬೋರ್ 47.000ದಿಂದ 47.025ರ ಒಳಗೆ ಇರಬೇಕು. 25 ಮೈಕ್ರಾನ್ ಜಾಗದಲ್ಲಿ ಆಟ ನಡೆಯುವ ಕಡೆ, ಫೈಲೇ 180 ಮೈಕ್ರಾನ್‌ನಷ್ಟು ತಪ್ಪಿದೆ! ಪಟ್ಟಿಗಳನ್ನು ದುಪ್ಪಟ್ಟು ಮಾಡಿದರೂ ಸುಮಾರು 45 ಮೈಕ್ರಾನ್ ಕಡಿಮೆಯೇ ಬರುತ್ತದೆ. ಅದರ ಮೇಲೆ, ಮಷೀನಿಗೆ ಆದೇಶ ಬರೆದುಕೊಡುವ ಕ್ಯಾಮ್ ಸಾಫ್ಟ್‌ವೇರ್‌ಗೆ ಅದು ತೂತು ಅಂತಲೇ ಗೊತ್ತಾಗುವುದು ಕಷ್ಟ. ಒಂದು ಜಿ02 ಅಥವಾ ಜಿ03 ಸಾಲಿನಲ್ಲಿ (ಮಷೀನಿಗೆ ಕಮಾನಾಗಿ ಹೋಗು ಅನ್ನುವ ಆದೇಶ) ಮುಗಿಯಬೇಕಾದ ಕಮಾನು, ಚೂರು ಚೂರು ಜಿ01 ಸಾಲುಗಳಾಗಿ (ನೇರ ಗೆರೆಯ ಆದೇಶ) ಬರುತ್ತದೆ.

ಸ್ಕ್ಯಾನ್ ಮಾಡಿದ ಮೆಶ್ ಆದರೆ ಇನ್ನೂ ಕಷ್ಟ. ಸ್ಕ್ಯಾನರ್ ಸವೆದದ್ದನ್ನೂ ಅಳೆಯುತ್ತದೆ, ತುಕ್ಕನ್ನೂ ಅಳೆಯುತ್ತದೆ. ಬೋರ್ 47.2 ಅಂತ ತೋರಿಸಿದರೆ ಅದು ಮೂಲ ಅಳತೆಯೋ, ವರ್ಷಗಟ್ಟಲೆ ಓಡಿ ಸವೆದದ್ದೋ? ಆ ಜಾಗದಲ್ಲಿ 6204 ಬೇರಿಂಗ್ ಕೂರುತ್ತಿತ್ತು ಅಂತ ಗೊತ್ತಿರುವವನು 47 ಅಂತ ಹಾಕುತ್ತಾನೆ. ಎರಡು ಬೋಲ್ಟ್ ತೂತುಗಳ ದೂರ 79.93 ಬಂದರೆ, ಎದುರಿನ ಭಾಗ ನೋಡಿ 80 ಅಂತ ಹಾಕುತ್ತಾನೆ. ಈ ತೀರ್ಮಾನ ತ್ರಿಕೋನಗಳಲ್ಲಿ ಇಲ್ಲವೇ ಇಲ್ಲ. ನಾವು ಕೂಲಿ ಕೇಳುವುದು ಇದಕ್ಕೇ.

ನಾನು ಮಾಡುವುದು ಹೀಗೆ. ಮೊದಲು ಮೆಶ್‌ನಲ್ಲಿರುವ ತೂತು, ಹರುಕು, ತಿರುಗುಮುರುಗಾದ ನಾರ್ಮಲ್‌ಗಳನ್ನು (ತ್ರಿಕೋನದ ಹೊರಮುಖ ಯಾವ ಕಡೆ ಅಂತ ತೋರಿಸುವ ದಿಕ್ಕು) ಸರಿಮಾಡುವುದು. ಆಮೇಲೆ ಮಷೀನ್ ಮಾಡಿದ ಮುಖ ಹುಡುಕಿ, ಅದನ್ನು ಆಧಾರವಾಗಿಟ್ಟು ಒರಿಜಿನ್‌ಗೆ ಕೂರಿಸುವುದು. ಇಲ್ಲಿ ಅವಸರ ಮಾಡಬೇಡಿ, ಇದು ವಾರೆಯಾದರೆ ಮುಂದೆ ಎಲ್ಲವೂ ವಾರೆ. ಬೇಕಾದ ಕಡೆ ಸೆಕ್ಷನ್ ಕತ್ತರಿಸಿ, ಆ ಗೆರೆಗಳ ಮೇಲೆ ಸ್ಕೆಚ್ ಹಾಕಿ, ಎಕ್ಸ್‌ಟ್ರೂಡ್ (ಎಳೆದು ದಪ್ಪ ಕೊಡುವುದು), ರಿವಾಲ್ವ್ (ಆಕ್ಸಿಸ್ ಸುತ್ತ ತಿರುಗಿಸುವುದು) ಮಾಡುವುದು. ಫಿಲೆಟ್ (ಮೂಲೆ ದುಂಡು ಮಾಡುವುದು) ಕೊನೆಗೆ. ಮುಗಿದ ಮೇಲೆ ಸಾಲಿಡ್ಡನ್ನು ಮೆಶ್ ಮೇಲೆ ಕೂರಿಸಿ, ಎಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ನೋಡಲೇಬೇಕು.

ಬಟನ್‌ನಿಂದಲೇ ಆಗುವ ಕೆಲಸಗಳೂ ಇವೆ, ಇಲ್ಲ ಅನ್ನುವುದಿಲ್ಲ. ಫ್ಯೂಷನ್ ಅನ್ನುವ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಪ್ರಿಸ್ಮ್ಯಾಟಿಕ್ ಅನ್ನುವ ಆಯ್ಕೆ ಇದೆ. ಕ್ಯಾಡ್‌ನಿಂದಲೇ ಬಂದ ಶುದ್ಧ ಮೆಶ್ ಆದರೆ ಅದು ಸಿಲಿಂಡರ್‌ಗಳನ್ನು ಗುರುತಿಸಿ ನಿಜವಾದ ಸಿಲಿಂಡರ್ ಮಾಡಿಕೊಡುತ್ತದೆ. ಇನ್ನು ವಿಗ್ರಹ, ಮರದ ಕೆತ್ತನೆ ಇಂಥವನ್ನು ಸಾಲಿಡ್ ಮಾಡುವ ಗೊಡವೆಯೇ ಬೇಡ. ಸಿಎನ್‌ಸಿ ರೌಟರ್‌ನ ಸಾಫ್ಟ್‌ವೇರ್ ಎಸ್‌ಟಿಎಲ್ಲನ್ನೇ ತೆಗೆದುಕೊಂಡು ಕೆತ್ತುತ್ತದೆ, ಅಲ್ವಾ?

ಹಾಗಾಗಿ ಮುಂದೆ ಫೈಲ್ ಕಳಿಸುವಾಗ, ಮೊದಲು ಅದನ್ನು ಮಾಡಿದವರ ಹತ್ತಿರ ಮೂಲ ಕ್ಯಾಡ್ ಫೈಲ್ ಇದೆಯಾ ಅಂತ ಒಂದು ಫೋನ್ ಮಾಡಿ ಕೇಳಿ. ಇಲ್ಲ ಅಂದರೆ, ಎಸ್‌ಟಿಎಲ್ ಜೊತೆ ಆ ಭಾಗದ ಫೋಟೋ, ಬೇರಿಂಗ್ ನಂಬರ್, ಬೋಲ್ಟ್ ಸೈಜ್, ವರ್ನಿಯರ್‌ನಲ್ಲಿ ಅಳೆದ ನಾಲ್ಕು ಮುಖ್ಯ ಅಳತೆ ಕಳಿಸಿ. ಮಿ.ಮೀ.ನೋ ಇಂಚೋ ಅಂತಲೂ ಬರೆಯಿರಿ. ಎಸ್‌ಟಿಎಲ್‌ನಲ್ಲಿ ಯೂನಿಟ್ ಇರುವುದಿಲ್ಲ, ತಪ್ಪಿದರೆ ಭಾಗವೇ 25.4 ಪಟ್ಟು ದೊಡ್ಡದೋ ಚಿಕ್ಕದೋ ಆಗಿಬಿಡುತ್ತದೆ.