ಚಿಕ್ಕಪ್ಪನ ಕೈಗೆ ಸಿಕ್ಕ ಮಾನಿಟರ್

ನಮ್ಮ ಚಿಕ್ಕಪ್ಪನ ಪ್ರಕಾರ, ಯಾವ ಯಂತ್ರದಲ್ಲೇ ಆಗಲಿ 100ರವರೆಗೆ ಹೋಗುವ ಗೆರೆ ಒಂದಿದ್ದರೆ ಅದನ್ನು 100ಕ್ಕೇ ಎಳೆಯಬೇಕು. ದುಡ್ಡು ಪೂರ್ತಿ ಕೊಟ್ಟಿದ್ದೇವಲ್ಲ, 50ರಲ್ಲಿ ಯಾಕೆ ನಿಲ್ಲಿಸೋದು? ಈ ಸಲ ಅವರ ಕೈಗೆ ಸಿಕ್ಕಿದ್ದು ನಮ್ಮ ಮನೆಯ ಹೊಸ ಮಾನಿಟರ್.

ಅದು ಬಂದದ್ದು ಅಪ್ಪನಿಗಾಗಿ. ಹಳೆಯದು 17 ಇಂಚಿನದು, ಹೆಚ್ಚುಕಮ್ಮಿ ಚೌಕ. ಮಡಿಕೇರಿ ಮಳೆಗಾಲಗಳನ್ನು ಅದೆಷ್ಟು ಕಂಡಿತ್ತೋ, ಹಿಂದೆ ಗಾಳಿಯಾಡೋ ತೂತುಗಳಿಗೆಲ್ಲ ಬೂಷ್ಟು ಹಿಡಿದಿತ್ತು. (ಜೂನ್ ಬಂತು ಅಂದರೆ ಇಲ್ಲಿ ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮಿಗೇ ಬೂಷ್ಟು ಬರುತ್ತೆ, ಮಾನಿಟರ್ ಯಾವ ಲೆಕ್ಕ.) ಅಪ್ಪ ಅದರಲ್ಲಿ ನೋಡೋದು ಎರಡೇ, ಕೆಲಸದವರ ಬಟವಾಡೆ ಲೆಕ್ಕ ಮತ್ತು ಕಾಫಿ ರೇಟು. ರೋಬಸ್ಟಾ ದರ ಲಂಡನ್ನಿನ ಪೇಟೆಯಲ್ಲಿ, ಅರೇಬಿಕಾ ದರ ನ್ಯೂಯಾರ್ಕಿನಲ್ಲಿ ಏರಿಳಿಯುತ್ತೆ, ಅದನ್ನು ನೋಡಿಕೊಂಡು ಇಲ್ಲಿ 50 ಕೆಜಿ ಚೀಲಕ್ಕೆ ಇವತ್ತು ಎಷ್ಟು ಹೇಳಬಹುದು ಅಂತ ಅಪ್ಪ ಬೆಳಿಗ್ಗೆ ತಿಂಡಿಗೆ ಮೊದಲೇ ಅಂದಾಜು ಹಾಕ್ತಾರೆ. ಹಳೇ ಪರದೆಯಲ್ಲಿ 3 ಯಾವುದು 8 ಯಾವುದು ಗೊತ್ತಾಗದೆ ಒಂದು ದಿನ ಮಧ್ಯಾಹ್ನದವರೆಗೂ ಖುಷಿಯಾಗಿದ್ದರು. ಮರುದಿನವೇ ಪೇಟೆಗೆ ಹೋಗಿ 24 ಇಂಚಿನದು ತಂದರು.

ಜನವರಿ ತಿಂಗಳು, ರೋಬಸ್ಟಾ ಕುಯ್ಲು ಜೋರು. ನಾನು ಕಣದಲ್ಲಿ ಕಾಫಿ ಹರಡಿಸಿ, ಅಳತೆ ಬರೆದು ಒಳಗೆ ಬರುವ ಹೊತ್ತಿಗೆ ಚಿಕ್ಕಪ್ಪ ಆಗಲೇ ಮೇಜಿನ ಕೆಳಗೆ ಕೂತಿದ್ದರು. ಹಳೇ ಕೇಬಲ್ ಬರುತ್ತಿಲ್ಲ. ನೀಲಿ ಮೂತಿಯ ವಿಜಿಎ ಕೇಬಲ್, 15 ಪಿನ್ನು, ಎರಡು ಪಕ್ಕದಲ್ಲೂ ಬೆರಳಲ್ಲಿ ತಿರುಗಿಸುವ ಸ್ಕ್ರೂ. ತುಕ್ಕು ಹಿಡಿದು ಗಟ್ಟಿಯಾಗಿತ್ತು. ಕಟಿಂಗ್ ಪ್ಲೇಯರ್ ಹಾಕಿ ಒಂದೇ ಪಟ್ಟಿಗೆ ತಿರುಗಿಸಿದರು. ಸ್ಕ್ರೂ ಬಿಡಲಿಲ್ಲ. ಅದು ಕೂತಿದ್ದ ಆರು ಮೂಲೆಯ ಪುಟ್ಟ ನಟ್ಟು ಕಂಪ್ಯೂಟರನ್ನೇ ಬಿಟ್ಟು ಕೇಬಲ್ ಜತೆ ಹೊರಟು ಬಂತು. "ನೋಡು, ಹೆಂಗೆ ಬಂತು" ಅಂದರು. ಹೌದು, ಬಂತು.

ಅದೇ ಕೇಬಲನ್ನು ನಟ್ಟಿನ ಸಮೇತ ಮತ್ತೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೊಸ ಮಾನಿಟರಿಗೆ ಕೊಟ್ಟರು. ಚಿತ್ರವೇನೋ ಮೂಡಿತು, ಆದರೆ ಪ್ರತಿ ಅಕ್ಷರದ ಬಲಕ್ಕೂ ಅದರದೇ ತೆಳು ನೆರಳು. ವಿಜಿಎ 1987ರಲ್ಲಿ ಐಬಿಎಂ ತಂದದ್ದು, ಆಗಿನ ದಪ್ಪ ಟ್ಯೂಬಿನ ಮಾನಿಟರುಗಳಿಗೆ. ಕಂಪ್ಯೂಟರ್ ಒಳಗಿನ ಅಂಕಿಗಳು ಈ ತಂತಿಯಲ್ಲಿ ಏರಿಳಿಯುವ ವೋಲ್ಟೇಜ್ ಆಗಿ ಹೋಗುತ್ತವೆ, ಈಗಿನ ಎಲ್‌ಸಿಡಿ ಮಾನಿಟರ್ ಅದನ್ನು ಅಳೆದು ಮತ್ತೆ ಅಂಕಿ ಮಾಡಿಕೊಳ್ಳಬೇಕು. ಅಳೆಯುವ ಗಳಿಗೆ ಚೂರು ಆಚೀಚೆ ಆದರೂ ಅಕ್ಷರ ಕದಡುತ್ತೆ. ಅದಕ್ಕೇ ಮಾನಿಟರಿನಲ್ಲಿ ಆಟೋ ಅಂತ ಒಂದು ಬಟನ್ ಇರುತ್ತೆ. ಒತ್ತಿದರೆ ಬಹಳಷ್ಟು ಸಲ ಸರಿಹೋಗುತ್ತೆ, ಕೇಬಲ್ ಹಿಂದುಗಡೆ ನೇತಾಡುತ್ತಿಲ್ಲದಿದ್ದರೆ.

"ಬೇರೆ ಕೇಬಲ್ ಕೊಟ್ಟಿಲ್ವಾ?" ಅಂತ ಕೇಳಿದೆ.

"ಒಂದಿದೆ, ಅದು ಟಿವಿದು" ಅಂದರು ಚಿಕ್ಕಪ್ಪ. ಥರ್ಮಾಕೋಲ್ ಸಂದಿಯಲ್ಲಿ ಎಚ್‌ಡಿಎಂಐ ಕೇಬಲ್ ಕವರ್ ಕೂಡ ಬಿಚ್ಚದೆ ಮಲಗಿತ್ತು. ಅದನ್ನು ಹಾಕಿದ ಕೂಡಲೇ ನೆರಳು ಮಾಯ. ಅಂಕಿ ಅಂಕಿಯಾಗಿಯೇ ಹೋಗುತ್ತೆ, ಅಳೆಯೋ ರಗಳೆ ಇಲ್ಲ. ಅಲ್ಲಿಗೆ ಬಿಟ್ಟಿದ್ದರೆ ಕಥೆ ಮುಗೀತಿತ್ತು.

ಆದರೆ ಅಪ್ಪ "ಅಕ್ಷರ ಸಣ್ಣ ಆಯ್ತಲ್ಲ" ಅಂದುಬಿಟ್ಟರು. ನಾನು ಕೈ ಕಾಲು ತೊಳೆದು ಬರುವಷ್ಟರಲ್ಲಿ ಚಿಕ್ಕಪ್ಪ ರೆಸಲ್ಯೂಶನ್ ಅನ್ನು, ಅಂದರೆ ಚಿತ್ರದಲ್ಲಿ ಅಡ್ಡಕ್ಕೆ ಉದ್ದಕ್ಕೆ ಎಷ್ಟೆಷ್ಟು ಚುಕ್ಕೆ ಅನ್ನೋ ಲೆಕ್ಕವನ್ನು, 1920×1080ರಿಂದ 1366×768ಕ್ಕೆ ಇಳಿಸಿಯಾಗಿತ್ತು. ಅವರು ಕಡಿಮೆ ಮಾಡಿದ್ದು ಇದೊಂದೇ, ಕಡಿಮೆ ಮಾಡಬಾರದ್ದೂ ಇದೊಂದೇ. ಅಕ್ಷರ ದೊಡ್ಡದಾಯಿತು ನಿಜ, ಜತೆಗೆ ನೀರಲ್ಲಿ ನೆನೆದ ಕಾಗದದ ಶಾಯಿ ಹಾಗೆ ಅಂಚೆಲ್ಲ ಹರಡಿಕೊಂಡಿತು. ಪರದೆಯ ಮೇಲೆ ಅಡ್ಡಕ್ಕೆ 1920 ಚುಕ್ಕೆ ಇರೋದು ಇದ್ದೇ ಇರುತ್ತೆ. 1366 ಕಳಿಸಿದರೆ ಒಂದೊಂದು ಚುಕ್ಕೆಯನ್ನೂ ಸುಮಾರು 1.4 ಚುಕ್ಕೆಗೆ ಎಳೆಯಬೇಕು, 0.4 ಚುಕ್ಕೆಯನ್ನು ಎಲ್ಲಿಂದ ತರೋದು? ಅಕ್ಕಪಕ್ಕದ್ದಕ್ಕೆ ಬಳಿದು ಹೊಂದಿಸುತ್ತೆ. ರೆಸಲ್ಯೂಶನ್ ಅದರ ಪಾಡಿಗೆ ಬಿಟ್ಟು, ಡಿಸ್ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ 125 ಪರ್ಸೆಂಟ್ ಮಾಡಿದೆ. ಅಕ್ಷರ ದಪ್ಪ ಆಯಿತು, ಚೂಪಾಗಿಯೂ ಇತ್ತು.

ಇನ್ನೊಂದು ಸಣ್ಣ ತೊಂದರೆ ಉಳಿದಿತ್ತು. ಕಪ್ಪು ಕಪ್ಪಾಗಿರಲಿಲ್ಲ, ಬೂದಿ ಬಣ್ಣ. "ಹೊರಗಿನ ಮಂಜು ಒಳಗೂ ಬಂತು" ಅಂತ ಚಿಕ್ಕಪ್ಪ ಕಿಟಕಿ ಹಾಕಿದರು. ಟಿವಿ ವಿಡಿಯೊಗಳಲ್ಲಿ ಕಪ್ಪಿಗೆ 16, ಬಿಳಿಗೆ 235 ಅಂತ ಲೆಕ್ಕ. ಕಂಪ್ಯೂಟರಿನಲ್ಲಿ 0ಯಿಂದ 255. ಎಚ್‌ಡಿಎಂಐ ಕಂಡ ಕೆಲವು ಗ್ರಾಫಿಕ್ಸ್ ಡ್ರೈವರುಗಳು ಎದುರಿಗಿರೋದು ಟಿವಿ ಅಂದುಕೊಂಡು ಮೊದಲನೇ ಲೆಕ್ಕವನ್ನೇ ಹಿಡಿಯುತ್ತವೆ, 0 ಬಂದರಷ್ಟೇ ಕಪ್ಪು ಅನ್ನೋ ಮಾನಿಟರಿಗೆ 16 ಬೂದಿಯಾಗಿ ಕಾಣುತ್ತೆ. ಒಂದರ್ಥದಲ್ಲಿ ಚಿಕ್ಕಪ್ಪ ಹೇಳಿದ್ದನ್ನೇ ಅದೂ ಹೇಳಿತ್ತು. ಡ್ರೈವರಿನ ಸೆಟ್ಟಿಂಗಿನಲ್ಲಿ ಲಿಮಿಟೆಡ್ ಅಂತಿದ್ದದ್ದನ್ನು ಫುಲ್ ಮಾಡಿದೆ, ಮಂಜು ಹೋಯಿತು.

ಫುಲ್ ಅನ್ನೋದು ಚಿಕ್ಕಪ್ಪನ ಕಿವಿಗೆ ಬಿದ್ದದ್ದೇ ಕಷ್ಟವಾಯಿತು.

ರಾತ್ರಿ ನಾನು ಬಟವಾಡೆ ಕೊಡಲು ಕೆಲಸದವರ ಲೈನ್ ಮನೆ ಕಡೆ ಹೋದಾಗ ಅವರು ಮಾನಿಟರಿನ ಅಡಿಯ ಬಟನ್‌ಗಳನ್ನು ತಡಕಿ ಮೆನು ತೆರೆದರು. ಬ್ರೈಟ್‌ನೆಸ್ 100. ಶಾರ್ಪ್‌ನೆಸ್ 100. ಬಣ್ಣ ಗಾಢವಾಗಿಸೋ ಸ್ಯಾಚುರೇಶನ್ 100. ಡೈನಾಮಿಕ್ ಕಾಂಟ್ರಾಸ್ಟ್ ಅಂತ ಒಂದಿತ್ತು, ಹೆಸರು ಚೆನ್ನಾಗಿದೆ ಅಂತ ಅದನ್ನೂ ಆನ್ ಮಾಡಿದರು. ಅದರ ಕೆಲಸ ಇಷ್ಟೇ. ಪರದೆ ಕಪ್ಪಗಿದ್ದರೆ ಹಿಂದಿನ ದೀಪ ತಗ್ಗಿಸೋದು, ಬೆಳ್ಳಗಿದ್ದರೆ ಏರಿಸೋದು. ಅಪ್ಪನ ರೇಟಿನ ಚಾರ್ಟು ಕಪ್ಪು ಹಿನ್ನೆಲೆಯದು, ಲೆಕ್ಕದ ಹಾಳೆ ಬಿಳಿ. ಅಪ್ಪ ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಇಡೀ ಕೋಣೆ ಒಮ್ಮೆ ಮಂಕು, ಒಮ್ಮೆ ಝಗ್ಗ.

ಅಡುಗೆಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದ ಅಮ್ಮ ಬಾಗಿಲಿನಿಂದ ಇದನ್ನು ನೋಡಿದರು. ಕೊಡಗಿನ ಮನೆಯಲ್ಲಿ ಬೆಳಕು ಏರಿಳಿಯಿತು ಅಂದರೆ ಅರ್ಥ ಒಂದೇ. "ವೋಲ್ಟೇಜ್ ಹೋಯ್ತು!" ಅಂತ ಮಿಕ್ಸಿ ನಿಲ್ಲಿಸಿ, ಫ್ರಿಜ್ ಪ್ಲಗ್ ಕಿತ್ತು, ನೀರಿನ ಮೋಟಾರ್ ಆಫ್ ಮಾಡಿ, ಲೈನ್‌ಮ್ಯಾನ್‌ಗೆ ಫೋನ್ ಹಾಕಿದರು. ಪಾಪ, ಅವರು ಆ ಚಳಿಯಲ್ಲಿ ಬೈಕಿನಲ್ಲಿ ಬಂದು, ಟೆಸ್ಟರ್ ಹಿಡಿದು ನೋಡಿ, "ಅಮ್ಮ, ಲೈನು ಸರಿ ಇದೆ" ಅಂದರು. ಅಷ್ಟರಲ್ಲಿ ಅಪ್ಪ ಲೆಕ್ಕದ ಹಾಳೆಗೆ ಹೋದರು, ಝಗ್ಗ ಅಂತು. ಲೈನ್‌ಮ್ಯಾನ್ ಕೂಡ ಒಂದು ಗಳಿಗೆ ಬಲ್ಬು ನೋಡಿದರು. ಬಲ್ಬು ಅದರ ಪಾಡಿಗೆ ಉರೀತಿತ್ತು. ಕಾಫಿ ಕುಡಿದು, ಮಾನಿಟರ್ ಕಡೆ ಬೆರಳು ತೋರಿಸಿ, ಹೊರಟರು. ಚಟ್ನಿ ಅರ್ಧ ರುಬ್ಬಿದ್ದು ಹಾಗೇ ಊಟಕ್ಕೆ ಬಂತು.

ಬೆಳಿಗ್ಗೆ ನಾನು ಕೂತು ಒಂದೊಂದನ್ನೇ ಇಳಿಸಿದೆ. ಡೈನಾಮಿಕ್ ಆಫ್. ಶಾರ್ಪ್‌ನೆಸ್ ಕಂಪನಿಯವರು ಇಟ್ಟಿದ್ದಲ್ಲಿಗೆ, ಯಾಕಂದರೆ ಜಾಸ್ತಿಯಾದರೆ ಅಕ್ಷರದ ಸುತ್ತ ಬಿಳಿ ಗೆರೆ ಬರುತ್ತೆ, ಚೂಪಾದಂತೆ ಕಾಣುತ್ತೆ, ಕಣ್ಣು ಉರಿಯುತ್ತೆ. ಬಿಳಿ ಹಳದಿಗೋ ನೀಲಿಗೋ ವಾಲದ ಹಾಗೆ ಬಣ್ಣದ ಟೆಂಪರೇಚರ್ 6500. ಬ್ರೈಟ್‌ನೆಸ್‌ಗೆ ಒಂದು ಬಿಳಿ ಕಾಗದ ಸಾಕು. ಪರದೆಯಲ್ಲಿ ಖಾಲಿ ಹಾಳೆ ತೆರೆದು, ಪಕ್ಕದಲ್ಲಿ ಕಾಗದ ಹಿಡಿದು, ಎರಡೂ ಒಂದೇ ಥರ ಕಾಣುವವರೆಗೆ ತಗ್ಗಿಸೋದು. ನಮ್ಮದು ಮರದ ನೆರಳಿನ ಮನೆ, 30ರ ಹತ್ತಿರ ಬಂದು ನಿಂತಿತು.

ಚಿಕ್ಕಪ್ಪನಿಗೆ ಹೊಟ್ಟೆ ಉರೀತು. "70 ವೇಸ್ಟ್ ಮಾಡ್ದೆ" ಅಂದರು. ಬಣ್ಣ ಸತ್ತುಹೋಯಿತು ಅಂತ ತೋರಿಸಲು ಕಣಕ್ಕೆ ಹೋಗಿ ಒಂದು ಹಣ್ಣು ಕಾಫಿ ತಂದರು, ಕಡುಗೆಂಪು, ತೊಟ್ಟಿನ ಹತ್ತಿರ ಇನ್ನೂ ಒಂಚೂರು ಹಸಿರು. ಹಣ್ಣಿನ ಫೋಟೊ ತೆರೆದು, ಸ್ಯಾಚುರೇಶನ್ ಮತ್ತೆ 100 ಮಾಡಿ, ಪಕ್ಕದಲ್ಲಿ ಹಿಡಿದರು. ಪರದೆಯಲ್ಲಿ ಹಣ್ಣು ಜಾತ್ರೆಯ ಸೀರಿಯಲ್ ಲೈಟಿನ ಕೆಂಪು. ಕೈಯಲ್ಲಿದ್ದದ್ದು ಸಾದಾ ಕಾಫಿ ಹಣ್ಣು. ತುಂಬಾ ಹೊತ್ತು ಅದನ್ನೂ ಇದನ್ನೂ ನೋಡಿ, ಅಪ್ಪನ ಕಡೆ ತಿರುಗಿ, "ಅಣ್ಣ, ಈ ವರ್ಷ ಗಿಡಕ್ಕೆ ಪೊಟ್ಯಾಶ್ ಸಾಲದು" ಅಂದರು.

ಮುಂದಿನ ಭಾನುವಾರ ಅವರ ಮನೆಗೆ ಹೋಗಿದ್ದೆ. ಅವರು ಟಿವಿಯನ್ನೇ ಕಂಪ್ಯೂಟರಿಗೆ ಹಾಕಿಕೊಂಡಿದ್ದಾರೆ. ಟಿವಿಗಳಿಗೆ ಚಿತ್ರವನ್ನು ಒಂಚೂರು ಹಿಗ್ಗಿಸಿ ಅಂಚು ಕತ್ತರಿಸುವ ಹಳೇ ಚಾಳಿ ಇದೆ, ಓವರ್‌ಸ್ಕ್ಯಾನ್ ಅಂತಾರೆ. ಹಾಗಾಗಿ ಅವರ ಸ್ಟಾರ್ಟ್ ಬಟನ್ ಅರ್ಧ ಪರದೆಯ ಹೊರಗೆ, ಗಡಿಯಾರದಲ್ಲಿ ಗಂಟೆ ಕಾಣುತ್ತೆ, ಕೆಳಗಿನ ತಾರೀಕು ಇಲ್ಲ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅನ್ನೋ ಕಡೆ ಹೋಗಿ ಸ್ಕ್ರೀನ್ ಫಿಟ್ ಅಂತ ಕೊಟ್ಟರೆ ಸರಿಯಾಗುತ್ತೆ, ಒಂದು ನಿಮಿಷದ ಕೆಲಸ. ರಿಮೋಟ್ ಎತ್ತಿಕೊಂಡೆ.

"ಏ, ಅದನ್ನ ಮುಟ್ಬೇಡ. ಸುಮ್ನೆ ಕೆಡಿಸ್ತೀಯ" ಅಂತ ಚಿಕ್ಕಪ್ಪ ಕಸಿದುಕೊಂಡರು. "ತಾರೀಕಿಗೆ ಕ್ಯಾಲೆಂಡರ್ ಇದೆ."