ಚಪ್ಪಾಳೆ ಮೊದಲು, ಸಿನಿಮಾ ಆಮೇಲೆ

ನಮ್ಮ ಬಡಾವಣೆಯ ಸ್ವತಂತ್ರ ಚಿತ್ರೋತ್ಸವದ ಆಹ್ವಾನ ಪತ್ರಿಕೆ ನಿಮಗೂ ಬಂದಿರಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಯಾರ್ಯಾರೋ ಏಳೆಂಟು ಸಲ ಹಾಕಿದ್ದರಲ್ಲ, ಅದೇ. ನಾನು ಕನ್ನಡಕ ಏರಿಸಿಕೊಂಡು, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದೆ. ಮೂರು ದಿನದ ಉತ್ಸವ. ವಿಶೇಷ ಕಾರ್ಯಕ್ರಮ ಹನ್ನೊಂದು. ಸಿನಿಮಾ ನಾಲ್ಕು. ಆ ನಾಲ್ಕರ ಹೆಸರು ತೀರಾ ತಳದಲ್ಲಿ, 'ಲಘು ಉಪಾಹಾರದ ವ್ಯವಸ್ಥೆ ಇದೆ' ಅನ್ನುವ ಸಾಲಿಗಿಂತ ಕೆಳಗೆ. ಮೇಲ್ಗಡೆ ಪಾಸ್‌ಪೋರ್ಟ್ ಸೈಜಿನ ಹತ್ತೊಂಬತ್ತು ಮುಖಗಳು. ಅವರಲ್ಲಿ ಸಿನಿಮಾ ಮಾಡಿದವರು ಒಬ್ಬರೂ ಇಲ್ಲ. ನೋಡಿದವರು ಒಂದಿಬ್ಬರು ಇದ್ದರೂ ಇರಬಹುದು.

ಸ್ವತಂತ್ರ ಚಿತ್ರೋತ್ಸವ ಅಂದರೆ ಏನು ಅಂತ ನನಗೆ ಬಹಳ ದಿನದಿಂದ ಗೊಂದಲವಿತ್ತು. ಮೊದಲ ಸಂಜೆಯೇ ಬಗೆಹರಿಯಿತು. ಚಿತ್ರದಿಂದ ಸ್ವತಂತ್ರವಾದ ಉತ್ಸವ.

ಇದನ್ನು ದೂರು ಅಂತ ತಿಳಿಯಬೇಡಿ. ಸಿನಿಮಾ ಬೇಕಾದರೆ ಮನೆಯಲ್ಲಿ ಮಲಗಿಕೊಂಡು ಮೊಬೈಲಿನಲ್ಲಿ ನೋಡಬಹುದು. ದೀಪ ಹಚ್ಚುವುದನ್ನು ಹಾಗೆ ನೋಡಲು ಬರುತ್ತಾ? ಅದಕ್ಕೆ ಸಮುದಾಯ ಭವನಕ್ಕೇ ಬರಬೇಕು. ಐದು ಗಂಟೆಯ ಕಾರ್ಯಕ್ರಮ, ಆರೂ ಹತ್ತಕ್ಕೆ ದೀಪದ ಸುತ್ತ ಒಂಬತ್ತು ಜನ ನಿಂತರು. ಕೈಯಲ್ಲಿ ಒಂದು ಮೇಣದಬತ್ತಿ. ತಲೆಯ ಮೇಲೆ ಫ್ಯಾನು. ಹಚ್ಚಿದ ಬತ್ತಿ ಆರುತ್ತದೆ, ಮತ್ತೆ ಹಚ್ಚುತ್ತಾರೆ, ಮತ್ತೆ ಆರುತ್ತದೆ. "ಫ್ಯಾನ್ ಆಫ್ ಮಾಡ್ರೀ" ಅಂತ ಯಾರೋ ಕೂಗಿದರು. ಯಾರೋ ಓಡಿಹೋಗಿ ಟ್ಯೂಬ್‌ಲೈಟ್ ಆಫ್ ಮಾಡಿದರು. ಮುಂದಿನ ಸಲ ಮೈಕು ಹೋಯಿತು. ಮೂರನೇ ಸಲ ಫ್ಯಾನು ನಿಂತಿತು. ಅಷ್ಟೊತ್ತಿಗೆ ಬೆಂಕಿಕಡ್ಡಿ ಖಾಲಿ. ನನ್ನ ಲೆಕ್ಕದಲ್ಲಿ ಇಡೀ ಮೂರು ದಿನದಲ್ಲಿ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ ದೃಶ್ಯ ಇದೇ.

ರೆಡ್ ಕಾರ್ಪೆಟ್ ಕೂಡ ಇತ್ತು. ಶಾಮಿಯಾನದವರದು. ಹಿಂದಿನ ದಿನ ಯಾವುದೋ ಮದುವೆಗೆ ಹೋಗಿಬಂದಿದ್ದು ಅಂತ ಕಾಣುತ್ತದೆ, ಅಲ್ಲಲ್ಲಿ ಅಕ್ಷತೆ ಅಂಟಿಕೊಂಡಿತ್ತು. ಒಂದು ಕಡೆ ಸಾರು ಚೆಲ್ಲಿದ ಕಲೆ. ಅತಿಥಿಗಳು ಅದರ ಮೇಲೆ ನಡೆದು ಬರುವಾಗ ಸ್ವಯಂಸೇವಕ ಹುಡುಗ ಆ ಕಲೆಯ ಮೇಲೆ ತಾನೇ ನಿಂತು ಅದನ್ನು ಮುಚ್ಚಿದ. ಕಲೆಗಾಗಿ ಅವನು ಅಷ್ಟಾದರೂ ಮಾಡಿದ.

ಮುಖ್ಯ ಅತಿಥಿ ಮಾಜಿ ಕಾರ್ಪೊರೇಟರ್. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲವಲ್ಲ, ಅದರಿಂದಾಗಿ ಊರ ತುಂಬ ಎರಡೇ ಜಾತಿ ಉಳಿದುಕೊಂಡವು. ಮಾಜಿಗಳು, ಆಕಾಂಕ್ಷಿಗಳು. ಇಬ್ಬರಿಗೂ ವೇದಿಕೆ ಬೇಕು. ಗಣೇಶೋತ್ಸವ, ರಾಜ್ಯೋತ್ಸವ, ಕಡಲೆಕಾಯಿ ಪರಿಷೆ ಎಲ್ಲ ಸೇರಿಸಿದರೂ ವರ್ಷದ ವಾರಗಳು ತುಂಬುವುದಿಲ್ಲ. ಆ ತೂತಿಗೆ ಹಾಕಿದ ತೇಪೆಯೇ ಚಿತ್ರೋತ್ಸವ. ಅವರು ಮಾತಾಡಿದ್ದು ಮೂವತ್ತೈದು ನಿಮಿಷ, ಅದರಲ್ಲಿ ಇಪ್ಪತ್ತು ನಿಮಿಷ ಚರಂಡಿ. ಚರಂಡಿಯ ವಿಷಯ ಚೆನ್ನಾಗಿಯೇ ಮಾತಾಡಿದರು, ಸುಳ್ಳು ಯಾಕೆ ಹೇಳಲಿ.

ದೊಡ್ಡವರು ಹಾಕಿದ ದಾರಿ ಇದು, ಇವರನ್ನೇ ಬೈದರೆ ತಪ್ಪಾಗುತ್ತದೆ. 2025ರ ಮಾರ್ಚಿನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಉದ್ಘಾಟನೆಯಲ್ಲಿ ಏನಾಯಿತು ನೆನಪಿದೆ ತಾನೇ? ನಟರು ಬಂದಿಲ್ಲ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ವೇದಿಕೆಯ ಮೇಲೇ, ಯಾರ ನಟ್ಟು ಬೋಲ್ಟು ಎಲ್ಲಿ ಬಿಗಿ ಮಾಡಬೇಕು ಅಂತ ನನಗೆ ಗೊತ್ತು ಅನ್ನೋ ಮಾತು ತೆಗೆದರು. ಆಮೇಲೆ ಟೀವಿ ತುಂಬ ನಟ್ಟು, ಪೇಪರ್ ತುಂಬ ಬೋಲ್ಟು. ಆ ವರ್ಷದ ಉದ್ಘಾಟನಾ ಚಿತ್ರ ಯಾವುದು ಅಂತ ಈಗ ಯಾರನ್ನಾದರೂ ಕೇಳಿ ನೋಡಿ. ನಟ್ಟಿನ ನೆನಪಿರುತ್ತದೆ, ಚಿತ್ರದ್ದು ಇರುವುದಿಲ್ಲ.

ನಮ್ಮಲ್ಲಿ ನಿಜವಾಗಿಯೂ ಬಿಗಿ ಮಾಡಬೇಕಾಗಿದ್ದ ನಟ್ಟು ಒಂದಿತ್ತು. ಪರದೆಯ ಸ್ಟ್ಯಾಂಡಿನದು. ಭಾಷಣ ಮುಂದೆ ಹೋದಂತೆ ಪರದೆ ಎಡಕ್ಕೆ ವಾಲುತ್ತಾ ಬಂತು. ವೇದಿಕೆಯ ಮೇಲಿದ್ದ ಹನ್ನೆರಡು ಜನರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಕಡೆಗೆ ಹಿಂದಿನ ಸಾಲಿನಿಂದ ಒಬ್ಬ ತೆಳ್ಳಗಿನ ಹುಡುಗ ಎದ್ದ. ಶಾಮಿಯಾನದವರ ಹತ್ತಿರ ಸ್ಪ್ಯಾನರ್ ಇಸಿದುಕೊಂಡು, ಬಗ್ಗಿಕೊಂಡೇ ಹೋಗಿ ನಟ್ಟು ತಿರುಗಿಸಿ ಬಂದ. ಶಾಮಿಯಾನದ ಹುಡುಗ ಅಂತಲೇ ನಾನೂ ಅಂದುಕೊಂಡಿದ್ದೆ. ಅವನು ನಿರ್ದೇಶಕ. ಮೊದಲ ದಿನ ತೋರಿಸಬೇಕಿದ್ದ ಇಪ್ಪತ್ನಾಲ್ಕು ನಿಮಿಷದ ಚಿತ್ರ ಅವನದು. ಸಿಂಧನೂರಿನಿಂದ ರಾತ್ರಿ ಬಸ್ಸಿಗೆ ಬಂದಿದ್ದ. ಹಾರ್ಡ್ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡಿದ್ದ.

"ಸರ್, ನಮ್ ಪಿಚ್ಚರ್ ಯಾವಾಗ ಹಚ್ತಾರ್ರಿ?" ಅಂತ ನನ್ನನ್ನೇ ಕೇಳಿದ. ನಾನು ಏನು ಹೇಳಲಿ? ಪತ್ರಿಕೆಯಲ್ಲಿ ಏಳು ಗಂಟೆ ಅಂತಿತ್ತು. ಆಗ ಏಳೂವರೆ. ಇನ್ನೂ ಸನ್ಮಾನ ಶುರುವಾಗಿರಲಿಲ್ಲ.

ಫ್ರಾನ್ಸಿನ ಕ್ಯಾನ್ ಚಿತ್ರೋತ್ಸವದಲ್ಲಿ ಸಿನಿಮಾ ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಎಷ್ಟು ನಿಮಿಷ ಅಂತ ಪತ್ರಕರ್ತರು ಗಡಿಯಾರ ಹಿಡಿದು ಲೆಕ್ಕ ಹಾಕುತ್ತಾರೆ. 2006ರಲ್ಲಿ ಮೆಕ್ಸಿಕೋದ ನಿರ್ದೇಶಕ ಗಿಲ್ಲೆರ್ಮೊ ಡೆಲ್ ಟೊರೊ ಚಿತ್ರಕ್ಕೆ 22 ನಿಮಿಷ ಚಪ್ಪಾಳೆ ಬಿತ್ತು ಅಂತ ಬರೆದರು. ಈಗಲೂ ಅದನ್ನೇ ಹೇಳಿಕೊಂಡು ಬರುತ್ತಾರೆ. ನಮ್ಮ ಉತ್ಸವ ಸಮಿತಿಯ ಕಾರ್ಯದರ್ಶಿಗಳು ಇದನ್ನು ಯೂಟ್ಯೂಬಿನಲ್ಲಿ ನೋಡಿದ್ದಾರೆ. ಹಾಗಾಗಿ ಕಾರ್ಯಕ್ರಮ ಪಟ್ಟಿಯಲ್ಲೇ ಅಚ್ಚು ಹಾಕಿಸಿದ್ದರು: '8.40: ಎದ್ದು ನಿಂತು ಚಪ್ಪಾಳೆ (3 ನಿಮಿಷ)'. ಚಿತ್ರ ಚೆನ್ನಾಗಿಲ್ಲದಿದ್ದರೆ ಅಂತ ಯಾರೂ ಕೇಳಲಿಲ್ಲ. ಸರಿ, ಅದು ಉದಾರತೆ.

ಎಂಟೂ ನಲವತ್ತಾಯಿತು. ಚಿತ್ರ ಶುರುವಾಗಿಲ್ಲ. ಮುಖ್ಯ ಅತಿಥಿಗಳಿಗೆ ಇನ್ನೊಂದು ಕಡೆ ಗೃಹಪ್ರವೇಶವಿದೆ. ನಿರೂಪಕಿ ಕಾರ್ಯದರ್ಶಿಗಳ ಮುಖ ನೋಡಿದರು. ಕಾರ್ಯದರ್ಶಿಗಳು ಗಡಿಯಾರ ನೋಡಿದರು. ಮೈಕು ಇಸಿದುಕೊಂಡು ಹೇಳಿದರು: "ಸಾಹೇಬರಿಗೆ ಲೇಟಾಗ್ತಿದೆ. ಆದ್ದರಿಂದ ಚಪ್ಪಾಳೆ ಕಾರ್ಯಕ್ರಮ ಈಗಲೇ ಮುಗಿಸಿಬಿಡೋಣ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ."

ನಿಂತೆವು. ಖಾಲಿ ಬಿಳಿ ಪರದೆಯ ಮುಂದೆ ನೂರಿಪ್ಪತ್ತು ಜನ ಎದ್ದು ನಿಂತು ಮೂರು ನಿಮಿಷ ಚಪ್ಪಾಳೆ ಹೊಡೆದೆವು. ಫೋಟೋಗ್ರಾಫರ್ ಎಡಗಡೆಯಿಂದ ಒಂದು ಸುತ್ತು, ಬಲಗಡೆಯಿಂದ ಒಂದು ಸುತ್ತು ತೆಗೆದ. ನಿರ್ದೇಶಕ ಹುಡುಗನೂ ಎದ್ದು ನಿಂತಿದ್ದ. ಅವನೂ ಚಪ್ಪಾಳೆ ಹೊಡೆಯುತ್ತಿದ್ದ, ಪಾಪ. ಯಾರಿಗೆ ಅಂತ ಅವನಿಗೂ ಗೊತ್ತಿರಲಿಲ್ಲ.

ಸಾಹೇಬರು ಹೋದರು. ಅವರ ಹಿಂದೆ ಅರವತ್ತು ಜನ ಹೋದರು. ಲಘು ಉಪಾಹಾರದ ಬಾಗಿಲು ತೆಗೆಯಿತು, ಇನ್ನು ನಲವತ್ತು ಹೋದರು.

ಉಳಿದವರಿಗೆ ಪ್ರಾಯೋಜಕರ ವಿಡಿಯೊ. ಪ್ರಾಯೋಜಕರು ಸೈಟು ಮಾರುವವರು. ಹನ್ನೆರಡು ನಿಮಿಷ ಡ್ರೋನ್ ಹಾರಿತು. ಹಸಿರು ಹೊಲ, ಅದರ ಮೇಲೆ ಬಿಳಿ ಗೆರೆ ಎಳೆದ ಸೈಟು, ಏರ್‌ಪೋರ್ಟಿಗೆ ಬರೀ ನಲವತ್ತು ನಿಮಿಷ. (ಏರ್‌ಪೋರ್ಟಿನಿಂದ ಹೊರಟ ವಿಮಾನ ದುಬೈ ಹತ್ತಿರ ಹೋದರೂ ನಾವು ಆ ಸೈಟಿನ ಹತ್ತಿರ ಹೋಗಿರುವುದಿಲ್ಲ, ಅದು ಬೇರೆ ಮಾತು.) ಒಂದು ಹೇಳಲೇಬೇಕು. ಇಡೀ ಉತ್ಸವದಲ್ಲಿ ಸೌಂಡು ಸರಿಯಾಗಿ ಬಂದಿದ್ದು, ಚಿತ್ರ ಎಲ್ಲೂ ನಿಲ್ಲದೆ ಓಡಿದ್ದು, ಲೈಟು ಪೂರ್ತಿ ಆರಿಸಿದ್ದು ಆ ವಿಡಿಯೊಗೆ ಮಾತ್ರ.

ನಾನು ಹಳೇ ಕಾಲದವನು. ಫಿಲ್ಮ್ ಸೊಸೈಟಿ ಅಂದರೆ ನನಗೆ ನೆನಪಾಗುವುದು ಒಂದು ಸೈಕ್ಲೋಸ್ಟೈಲ್ ಹಾಳೆ. ಮಸಿ ಕೈಗೆ ಹತ್ತುತ್ತಿತ್ತು. ಇವತ್ತಿನ ಚಿತ್ರ ಯಾವ ದೇಶದ್ದು, ಮಾಡಿದವನು ಯಾರು, ಅಷ್ಟು ಬರೆದಿರುತ್ತಿತ್ತು. ಒಬ್ಬರು ಎದ್ದು ಎರಡು ಮಾತು ಹೇಳುತ್ತಿದ್ದರು, ಲೈಟು ಆರುತ್ತಿತ್ತು. ರೀಲು ಬದಲಿಸುವಾಗ ಲೈಟು ಹಾಕಿದರೆ ಪಕ್ಕದವರ ಮುಖ ನೋಡುತ್ತಿದ್ದೆವು. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಶುರುವಾಗಿದ್ದು 1971ರಲ್ಲಿ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಚಿತ್ರಸಮಾಜ 1973ರಲ್ಲಿ. ಅಡಿಕೆ ತೋಟದಿಂದ ಬಂದವರು ಬೇರೆ ಬೇರೆ ದೇಶದ ಸಿನಿಮಾ ಕೂತು ನೋಡಿದರು, ಆಮೇಲೆ ಅದರ ಬಗ್ಗೆ ಜಗಳ ಮಾಡಿದರು. ಸಿನಿಮಾ ನೋಡೋದೇ ಅಲ್ಲಿ ವಿಶೇಷ ಕಾರ್ಯಕ್ರಮ.

ಹಳೇದೆಲ್ಲ ಚಿನ್ನ ಅನ್ನೋ ರಾಗ ನನ್ನದಲ್ಲ. ಈಗಿನ ಹುಡುಗರು ನಮಗಿಂತ ಚೆನ್ನಾಗಿ ಸಿನಿಮಾ ಮಾಡುತ್ತಾರೆ. ಮೈಸೂರಿನಲ್ಲಿ ಡಾಕ್ಟರಿಕೆ ಓದಿದ ಚಿದಾನಂದ ನಾಯ್ಕ್ 2024ರಲ್ಲಿ ಕ್ಯಾನ್‌ಗೆ ಹೋಗಿ, ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ತಂದರು. ಅಜ್ಜಿಯೊಬ್ಬಳು ಕೋಳಿ ಕದ್ದು ಊರಿಗೆ ಬೆಳಗೇ ಆಗದ ಜನಪದ ಕಥೆ. ಚಿತ್ರದ ಉದ್ದ ಹದಿನಾರು ನಿಮಿಷ. ನಮ್ಮ ಸಮುದಾಯ ಭವನದಲ್ಲಿ ಹದಿನಾರು ನಿಮಿಷಕ್ಕೆ ಇಬ್ಬರಿಗೆ ಪೇಟ ತೊಡಿಸಬಹುದು, ಮೂರನೆಯವರಿಗೆ ಅರ್ಧ ತೊಡಿಸಬಹುದು. ಮೂರನೆಯವರ ತಲೆಗೆ ಪೇಟ ಚಿಕ್ಕದಾಗಿತ್ತು. ಸಣ್ಣ ತಲೆಯವರಿಗೆ ಹಾಕಿದ್ದನ್ನು ಬಿಚ್ಚಿ ಇವರಿಗೆ, ಇವರದನ್ನು ಅವರಿಗೆ ಅಂತ ಸ್ವಲ್ಪ ಹೊತ್ತು ನಡೆಯಿತು.

ನಮ್ಮ ಸಮಿತಿಯವರ ಹತ್ತಿರವೂ ಒಂದು ಕೋಳಿಯಿದೆ. ಅವರು ದೀಪ ಹಚ್ಚದಿದ್ದರೆ ಸಿನಿಮಾಕ್ಕೆ ಬೆಳಕೇ ಬರುವುದಿಲ್ಲ ಅಂತ ನಂಬಿದ್ದಾರೆ.

ಒಂಬತ್ತೂ ನಲವತ್ತಕ್ಕೆ ಹುಡುಗನ ಚಿತ್ರ ಹಚ್ಚಿದರು. ಹಾಲ್‌ನಲ್ಲಿ ನಾವು ಹನ್ನೊಂದು ಜನ. ರೇಷನ್ ಅಕ್ಕಿ ತರಲು ಹೋದ ಅಜ್ಜಿಯ ಕಥೆ. ಹೊಲದ ಕೆಲಸದಲ್ಲಿ ಬೆರಳ ಗೆರೆ ಸವೆದು ಹೋಗಿದೆ, ಹೆಬ್ಬೆಟ್ಟು ಮಷೀನಿಗೆ ಹತ್ತುವುದಿಲ್ಲ. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಒತ್ತುತ್ತಾಳೆ. ಇಲ್ಲ. ಬಾಯಿಗಿಟ್ಟು ಒದ್ದೆ ಮಾಡಿಕೊಂಡು ಮತ್ತೆ ಒತ್ತುತ್ತಾಳೆ. ಮಾತಿಲ್ಲ, ಸಂಗೀತ ಇಲ್ಲ. ಅಂಗಡಿಯವನು ಬೇರೆ ಕಡೆ ನೋಡುತ್ತಾನೆ. ನನಗೆ ಗಂಟಲು ಕಟ್ಟಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಚರಚರ ಅಂತ ಸದ್ದು. ಸನ್ಮಾನಿತರೊಬ್ಬರು ತೊಡೆಯ ಮೇಲಿನ ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ ಕವರು ಬಿಚ್ಚುತ್ತಿದ್ದರು. ದ್ರಾಕ್ಷಿಗೆ. ಅಜ್ಜಿ ಮೂರನೇ ಸಲ ಹೆಬ್ಬೆಟ್ಟು ಒತ್ತಿದಳು, ಇವರು ಮೂರನೇ ದ್ರಾಕ್ಷಿ ಬಾಯಿಗೆ ಹಾಕಿದರು.

ಹತ್ತು ಗಂಟೆಗೆ ಲೈಟು ಬಂತು. ಕಾರ್ಯದರ್ಶಿಗಳು ಲ್ಯಾಪ್‌ಟಾಪ್ ಮುಚ್ಚಿಸಿ ಮೈಕು ಹಿಡಿದರು. ಹತ್ತರ ಮೇಲೆ ಸೌಂಡು ಹಾಕಬಾರದು ಅಂತ ಕಾನೂನಿದೆ, ಸಹಕರಿಸಿ, ಈಗ ವಂದನಾರ್ಪಣೆ. ಚಿತ್ರ ಇನ್ನು ನಾಲ್ಕು ನಿಮಿಷ ಇತ್ತು. ವಂದನಾರ್ಪಣೆ ಹನ್ನೊಂದು ನಿಮಿಷ ನಡೆಯಿತು, ಮೈಕಿನಲ್ಲೇ.

ನನಗೆ ಇಲ್ಲಿ ತಮಾಷೆ ಸಾಕಾಯಿತು, ಕ್ಷಮಿಸಿ. ಆ ಕಾನೂನು ನಾನೂ ಓದಿದ್ದೇನೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಮುಚ್ಚಿದ ಸಭಾಂಗಣ, ಸಮುದಾಯ ಭವನಗಳ ಒಳಗೆ ಆ ನಿರ್ಬಂಧ ಇಲ್ಲ ಅಂತ ಅದರಲ್ಲೇ ಬರೆದಿದೆ. ಅದು ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಒಬ್ಬ ಹುಡುಗ ಎರಡು ವರ್ಷ ದುಡ್ಡು ಕೂಡಿಸಿ ಇಪ್ಪತ್ನಾಲ್ಕು ನಿಮಿಷ ಮಾಡಿದ್ದಾನೆ. ಅವನ ಹೆಸರು ತೋರಿಸಿ ಪ್ರಾಯೋಜಕರ ಹತ್ತಿರ ದುಡ್ಡು ತಂದಿದ್ದೀರಿ. ಹಾರಕ್ಕೆ ದುಡ್ಡಿತ್ತು. ಪೇಟಕ್ಕೆ ಇತ್ತು. ಗೋಡಂಬಿ ಹಾಕಿದ ಉಪ್ಪಿಟ್ಟಿಗೂ ಇತ್ತು. ಅವನ ಬಸ್ ಚಾರ್ಜು ಕೊಟ್ಟಿರಲಿಲ್ಲ. ನಾಲ್ಕು ನಿಮಿಷ, ಸ್ವಾಮಿ. ನಾಲ್ಕೇ ನಿಮಿಷ.

ಹೊರಗೆ ಬಂದರೆ ಶಾಮಿಯಾನದವರು ಕಾರ್ಪೆಟ್ ಸುತ್ತುತ್ತಿದ್ದರು. ಗೇಟಿನ ಹತ್ತಿರ ಹುಡುಗ ನಿಂತಿದ್ದ. ಭವನದ ವಾಚ್‌ಮನ್, ಯಾದಗಿರಿ ಕಡೆಯವರು, ಬಾಗಿಲ ಸಂದಿಯಲ್ಲಿ ನಿಂತು ಚಿತ್ರ ನೋಡಿದ್ದರಂತೆ. "ಮುದುಕಿಗೆ ಅಕ್ಕಿ ಸಿಕ್ತೇನಪಾ ಕಡೀಗೆ?" ಅಂತ ಕೇಳುತ್ತಿದ್ದರು. ಹುಡುಗ ಕೈಯಾಡಿಸಿಕೊಂಡು ಕೊನೆಯ ನಾಲ್ಕು ನಿಮಿಷವನ್ನು ಬಾಯಲ್ಲೇ ಹೇಳಿದ. ಅಜ್ಜಿ ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ತಿರುಗುತ್ತಾಳೆ, ಎಲ್ಲವನ್ನೂ. ವಾಚ್‌ಮನ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೇಳಿದರು. ನಾನು ಸ್ಕೂಟರ್ ಸ್ಟ್ಯಾಂಡ್ ತೆಗೆಯದೆ ಹಾಗೇ ನಿಂತಿದ್ದೆ.

ಉಳಿದ ಎರಡು ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾಸ್ಟರ್‌ಕ್ಲಾಸ್ ಇತ್ತು, ಮಾಸ್ಟರ್ ಬರಲಿಲ್ಲ, ಕ್ಲಾಸ್ ನಡೆಯಿತು. ಸಂವಾದದಲ್ಲಿ ಒಬ್ಬರು "ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಮೈಕು ತೆಗೆದುಕೊಂಡರು. ಸಿರಿಧಾನ್ಯ ಮತ್ತು ಸಿನಿಮಾ ಅನ್ನೋ ಗೋಷ್ಠಿಯೂ ಇತ್ತು. ನವಣೆ ಬಿಸಿಬೇಳೆಬಾತ್ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಗ್ರೂಪಿನಲ್ಲಿ 'ಅಭೂತಪೂರ್ವ ಯಶಸ್ಸು' ಅಂತ ಅರವತ್ತನಾಲ್ಕು ಫೋಟೋ ಬಂದವು. ಅವುಗಳಲ್ಲಿ ಒಂದರಲ್ಲೂ ಪರದೆಯ ಮೇಲೆ ಸಿನಿಮಾ ಇಲ್ಲ. ತಡೆಯಲಾರದೆ ಕಾರ್ಯದರ್ಶಿಗಳಿಗೆ ಖಾರವಾಗಿಯೇ ಒಂದು ಮೆಸೇಜ್ ಬರೆದೆ. ಆ ಹುಡುಗನ ಚಿತ್ರ ಪೂರ್ತಿ ತೋರಿಸಿ, ಬಸ್ ಚಾರ್ಜು ಕಳಿಸಿ ಅಂತ. ಐದು ನಿಮಿಷದಲ್ಲಿ ಉತ್ತರ ಬಂತು: "ಸಾರ್, ಸಿನಿಮಾ ಬಗ್ಗೆ ನಿಮಗಿರೋ ಕಾಳಜಿ ನೋಡಿ ಸಮಿತಿಗೆ ಬಹಳ ಸಂತೋಷವಾಗಿದೆ. ಮುಂದಿನ ವರ್ಷದ ಸನ್ಮಾನಿತರ ಪಟ್ಟಿಗೆ ನಿಮ್ಮ ಹೆಸರು ಸೇರಿಸಿದ್ದೀವಿ. ಈ ಸಲ ಪೇಟದ್ದು ಸ್ವಲ್ಪ ತೊಂದರೆ ಆಯ್ತಲ್ಲ, ದಯವಿಟ್ಟು ತಲೆಯ ಸುತ್ತಳತೆ ಕಳಿಸಿ."

ಸಿಟ್ಟು ನೆತ್ತಿಗೇರಿತು. ಮೊಬೈಲ್ ಟೇಬಲ್ ಮೇಲೆ ಕುಕ್ಕಿ, ಒಂದು ಲೋಟ ಕಾಫಿ ಕುಡಿದೆ. ಆಮೇಲೆ ಹೆಂಡತಿಯ ಹೊಲಿಗೆ ಡಬ್ಬದಿಂದ ಟೇಪು ತೆಗೆದುಕೊಂಡೆ. ಇಪ್ಪತ್ತೆರಡೂವರೆ ಇಂಚು.