ಹೊಸ ಡಿಸ್ಟ್ರೋ ಇದ್ದರೆ ಸಾಕಾ?

ನಿಮ್ಮ ಲೇಖನದಲ್ಲಿ ‘ಹೊಸ ಡಿಸ್ಟ್ರೋ ಇದ್ದರೆ ಹೋಸ್ಟ್ ಪರೀಕ್ಷೆ ಬಿಟ್ಟರೂ ನಡೆಯುತ್ತದೆ’ ಅಂತ ಬರೆದಿದ್ದೀರಿ. ಡಿಸ್ಟ್ರೋ ಅಂದರೆ ಉಬುಂಟುವಿನಂಥ ಸಿದ್ಧ ಲಿನಕ್ಸ್; ಹೋಸ್ಟ್ ಪರೀಕ್ಷೆ ಅಂದರೆ ಕಟ್ಟುವ ಕೆಲಸ ನಡೆಯುವ ಸಿಸ್ಟಮ್‌ನಲ್ಲಿ ಬೇಕಾದ ಸಾಧನಗಳು ಸರಿಯಾಗಿವೆಯಾ ಅಂತ ನೋಡುವುದು. ಲಿನಕ್ಸನ್ನು ಸೋರ್ಸ್ ಕೋಡ್‌ನಿಂದ ತಾವೇ ಕಟ್ಟಲು ಹೊರಟವರಿಗೆ ಈ ಮಾತು ಕೈಕೊಡುತ್ತದೆ. ಸಾಧನಗಳ ಆವೃತ್ತಿ ಹಳೆಯದಾಗಿದ್ದರೆ ಮಾತ್ರ ತೊಂದರೆ ಅಂದುಕೊಂಡಿದ್ದೀರಿ, ಅಲ್ವಾ?

ಡೆಬಿಯನ್, ಉಬುಂಟುಗಳಲ್ಲಿ ‘ಎಸ್‌ಎಚ್’ (ಸ್ಕ್ರಿಪ್ಟ್‌ಗಳ ಆದೇಶಗಳನ್ನು ಓದಿ ನಡೆಸುವ ಶೆಲ್) ಅಂದರೆ ಬ್ಯಾಷ್ ಅನ್ನುವ ಶೆಲ್ ಅಲ್ಲ, ಡ್ಯಾಷ್ ಅನ್ನುವ ಇನ್ನೊಂದು. ಉಬುಂಟು 2006ರಲ್ಲೇ ಹೀಗೆ ಬದಲಾಯಿಸಿತು. ಬ್ಯಾಷ್ ಕೂಡ ಸಿಸ್ಟಮ್‌ನಲ್ಲಿ ಇದ್ದೇ ಇರುತ್ತದೆ, ಹಾಗಾಗಿ ಬರೀ ಅದರ ಆವೃತ್ತಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ‘ಎಸ್‌ಎಚ್’ ಕೊಂಡಿ ಯಾವುದಕ್ಕೆ ಹೋಗುತ್ತದೆ ಅಂತ ನೋಡಬೇಕು. ನಾನು ನೋಡಿರಲಿಲ್ಲ. ಮೂರು ಗಂಟೆ ಕಂಪೈಲ್ ಆದಮೇಲೆ ಒಂದು ಸ್ಕ್ರಿಪ್ಟ್ ಆವರಣ ಚಿಹ್ನೆಯ ಮೇಲೆ ‘ಸಿಂಟ್ಯಾಕ್ಸ್ ಎರರ್’ ಅಂತ ನಿಂತಿತು. ಸ್ಕ್ರಿಪ್ಟ್‌ನಲ್ಲಿ ತಪ್ಪೇ ಇರಲಿಲ್ಲ! ಬ್ಯಾಷ್‌ನ ಅರೇ (ಹಲವು ಮೌಲ್ಯಗಳ ಪಟ್ಟಿ) ಡ್ಯಾಷ್‌ಗೆ ಅರ್ಥವಾಗುವುದಿಲ್ಲ, ಅಷ್ಟೇ. ಅದು ತಿಳಿಯುವ ಹೊತ್ತಿಗೆ ಸುಮ್ನೆ ಇಡೀ ಸಂಜೆ ಹೋಗಿತ್ತು. ಪಠ್ಯ ಸಂಸ್ಕರಿಸುವ ‘ಆಕ್’ ಸಾಧನದ ಕಥೆಯೂ ಇದೇ: ಅದರ ಗಾಕ್ ಅನ್ನುವ ರೂಪ ಬೇಕಾದ ಕಡೆ ಮಾಕ್ ಅನ್ನುವ ರೂಪ ಕೂತಿರುತ್ತದೆ.

ಇನ್ನು ‘ಹೊಸದಾದಷ್ಟೂ ಒಳ್ಳೆಯದು’ ಅನ್ನೋದು. ಸಿ ಭಾಷೆಯ ಕೋಡನ್ನು ಕಂಪೈಲ್ ಮಾಡುವ ಸಾಧನ ಜಿಸಿಸಿ. 2024ರ ಜಿಸಿಸಿ 14, ಘೋಷಿಸದೆ ಫಂಕ್ಷನ್ ಕರೆಯುವ ಸಿ ಕೋಡನ್ನು ಎಚ್ಚರಿಕೆ ಕೊಟ್ಟು ಬಿಡುವುದಿಲ್ಲ, ಎರರ್ ಅಂತಲೇ ನಿಲ್ಲಿಸುತ್ತದೆ. ಜಿಸಿಸಿ 15ರಲ್ಲಿ ಸಿ ಭಾಷೆಯ ಹೊಸ ಮಾನದಂಡವಾದ ಸಿ23 ಡೀಫಾಲ್ಟ್. ಹಳೆಯ ಪ್ಯಾಕೇಜುಗಳು ಇಲ್ಲೇ ಜಾಸ್ತಿ ಮುಗ್ಗರಿಸುವುದು. ಆವೃತ್ತಿ ಪಟ್ಟಿಯಲ್ಲಿ ‘ಕನಿಷ್ಠ ಇಷ್ಟು’ ಅನ್ನುವುದರ ಪಕ್ಕದಲ್ಲೇ ‘ಇಷ್ಟರವರೆಗೆ ಪರೀಕ್ಷಿಸಿದ್ದೇವೆ’ ಅಂತ ಇದ್ದರೆ ಅದನ್ನೂ ಓದಿ.

ಪರೀಕ್ಷೆಯ ಸ್ಕ್ರಿಪ್ಟ್ ಓಡಿಸೋಕೆ ಒಂದು ನಿಮಿಷವೂ ಬೇಡ. ಲೇಖನದ ಆ ಸಾಲನ್ನು ದಯವಿಟ್ಟು ತಿದ್ದಿ.